ಲೆಕ್ಕ ಜಿಲ್ಲೆಯದು, ಅಧಿಕಾರ ವಿಧಾನಸೌಧದ್ದು

ಬಜೆಟ್ ಮಂಡನೆಯ ದಿನ ಸುದ್ದಿಯಾಗುವುದು ಮುಖ್ಯಮಂತ್ರಿಯ ಭಾಷಣ. ಹೊಸ ಯೋಜನೆಗಳ ಹೆಸರು, ಗ್ಯಾರಂಟಿಗಳ ಮೊತ್ತ, ಸಾಲದ ಗಾತ್ರ, ಮದ್ಯದ ಮೇಲಿನ ಸುಂಕ ಎಂದು ಎರಡು ಮೂರು ದಿನ ಚರ್ಚೆ ನಡೆದು ತಣ್ಣಗಾಗುತ್ತದೆ. ಬಜೆಟ್ ಪುಸ್ತಕಗಳ ಕಟ್ಟಿನಲ್ಲಿ ಇನ್ನೊಂದು ದಾಖಲೆಯೂ ಇರುತ್ತದೆ. ಅಧಿಕಾರಿಗಳು ಅದನ್ನು ‘ಲಿಂಕ್ ಡಾಕ್ಯುಮೆಂಟ್’ ಎನ್ನುತ್ತಾರೆ. ಜಿಲ್ಲಾ ಪಂಚಾಯಿತಿ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಯಾವ ಲೆಕ್ಕ ಶೀರ್ಷಿಕೆಯಲ್ಲಿ ಎಷ್ಟು ಹಣ ಎಂಬುದನ್ನು ಯೋಜನೆವಾರು, ಜಿಲ್ಲಾವಾರು ತೋರಿಸುವ ದಾಖಲೆ ಅದು. ಸದನದಲ್ಲಿ ಅದರ ಬಗ್ಗೆ ಮಾತು ಬರುವುದೇ ಅಪರೂಪ. ಸ್ಥಳೀಯ ಸರ್ಕಾರಗಳನ್ನು ರಾಜ್ಯ ಹೇಗೆ ಕಾಣುತ್ತಿದೆ ಎಂದು ತಿಳಿಯಬೇಕಾದವರು ಓದಬೇಕಾದದ್ದು ಅದನ್ನೇ.

ಅದರ ಪುಟಗಳಲ್ಲಿ ಸಾಲು ಸಾಲಾಗಿ ಕಾಣುವುದು ಸಂಬಳ. ಶಾಲಾ ಶಿಕ್ಷಕರ ಸಂಬಳ, ಆರೋಗ್ಯ ಕೇಂದ್ರಗಳ ಸಿಬ್ಬಂದಿಯ ಸಂಬಳ, ಪಶುವೈದ್ಯ ಇಲಾಖೆ, ಕೃಷಿ ಇಲಾಖೆ, ಹಾಸ್ಟೆಲ್‌ಗಳ ಸಿಬ್ಬಂದಿಯ ಸಂಬಳ. ಮೊತ್ತ ಸಾವಿರಾರು ಕೋಟಿಗೆ ಏರುತ್ತದೆ. ಜಿಲ್ಲಾ ವಲಯಕ್ಕೆ ಇಷ್ಟು ಕೊಟ್ಟಿದ್ದೇವೆ ಎಂದು ಸರ್ಕಾರ ಹೇಳುವಾಗ ಈ ಸಂಬಳವೂ ಆ ಲೆಕ್ಕದೊಳಗೇ ಇರುತ್ತದೆ. ಆದರೆ ಆ ಶಿಕ್ಷಕರನ್ನು ನೇಮಿಸುವುದು ಶಿಕ್ಷಣ ಇಲಾಖೆ. ವರ್ಗಾವಣೆಯ ಕೌನ್ಸೆಲಿಂಗ್ ನಡೆಸುವುದೂ ಅದೇ ಇಲಾಖೆ. ಗಡಿ ತಾಲ್ಲೂಕಿನ ಶಾಲೆಯಲ್ಲಿ ಗಣಿತದ ಮೇಷ್ಟ್ರಿಲ್ಲದಿದ್ದರೆ ಜಿಲ್ಲಾ ಪಂಚಾಯಿತಿ ಮನವಿ ಬರೆಯಬಹುದು, ಅಷ್ಟೆ. ಒಂದು ಲೆಕ್ಕ ಶೀರ್ಷಿಕೆಯ ಹಣ ಉಳಿದರೆ ಪಕ್ಕದ ಶೀರ್ಷಿಕೆಗೆ ತಾನಾಗಿಯೇ ವರ್ಗಾಯಿಸುವ ಸ್ವಾತಂತ್ರ್ಯವೂ ಅದಕ್ಕಿಲ್ಲ. ಖಜಾನೆಯಿಂದ ಹೊರಟ ಹಣ ಜಿಲ್ಲಾ ಪಂಚಾಯಿತಿಯ ಹೆಸರಿನಲ್ಲಿ ನೌಕರರ ಖಾತೆ ಸೇರುತ್ತದೆ. ನಡುವೆ ಯಾವ ಚುನಾಯಿತ ಸದಸ್ಯನ ನಿರ್ಧಾರವೂ ಇಲ್ಲ.

ಶಿಕ್ಷಕರಿಗೆ ಸಂಬಳ ಕೊಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆ ಸಂಬಳವನ್ನು ಸ್ಥಳೀಯ ಸರ್ಕಾರಕ್ಕೆ ಕೊಟ್ಟ ಪಾಲು ಎಂದು ಬರೆದುಕೊಳ್ಳುವುದು ಮಾತ್ರ ತಪ್ಪು. ನಿರ್ಧರಿಸುವ ಹಕ್ಕಿಲ್ಲದ ಹಣ ಯಾವ ಸರ್ಕಾರಕ್ಕೂ ಅದರದೇ ಹಣವಾಗುವುದಿಲ್ಲ. ಕೇಂದ್ರ ಸರ್ಕಾರ ನಾಳೆ ಕರ್ನಾಟಕದಲ್ಲಿರುವ ರೈಲ್ವೆ ನೌಕರರ ಸಂಬಳವನ್ನೆಲ್ಲ ಕೂಡಿಸಿ, ಇದೇ ನಿಮ್ಮ ತೆರಿಗೆ ಪಾಲು ಎಂದರೆ ನಾವು ಒಪ್ಪುತ್ತೇವೆಯೇ?

ಒಪ್ಪುವುದಿಲ್ಲ, ಒಪ್ಪಲೂಬಾರದು. 2024ರ ಫೆಬ್ರುವರಿ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ತಮ್ಮ ಸಂಪುಟ ಮತ್ತು ಶಾಸಕರೊಂದಿಗೆ ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕುಳಿತರು. ಹದಿನಾಲ್ಕನೇ ಹಣಕಾಸು ಆಯೋಗದ ಕಾಲದಲ್ಲಿ ಶೇ 4.713ರಷ್ಟಿದ್ದ ಕರ್ನಾಟಕದ ತೆರಿಗೆ ಪಾಲನ್ನು ಹದಿನೈದನೇ ಆಯೋಗ ಶೇ 3.647ಕ್ಕೆ ಇಳಿಸಿತ್ತು. ಹಂಚಿಕೊಳ್ಳಬೇಕಿಲ್ಲದ ಸೆಸ್ ಮತ್ತು ಸರ್ಚಾರ್ಜ್‌ಗಳ ಮೂಲಕ ಕೇಂದ್ರ ತನ್ನ ಬೊಕ್ಕಸವನ್ನಷ್ಟೇ ತುಂಬಿಸಿಕೊಳ್ಳುತ್ತಿದೆ, ಕೇಂದ್ರ ಪುರಸ್ಕೃತ ಯೋಜನೆಗಳ ಷರತ್ತುಗಳಲ್ಲಿ ರಾಜ್ಯದ ಕೈ ಕಟ್ಟಲಾಗಿದೆ ಎಂಬ ದೂರುಗಳೂ ಇದ್ದವು. ಆ ದೂರಿನಲ್ಲಿ ಸತ್ಯವಿದೆ. ನಾವೂ ಅದರ ಪರವಾಗಿ ನಿಲ್ಲುತ್ತೇವೆ. ಆದರೆ ಅದೇ ವಾಕ್ಯಗಳಲ್ಲಿ ‘ಕೇಂದ್ರ’ ಎಂಬಲ್ಲಿ ‘ರಾಜ್ಯ’ ಎಂದೂ ‘ರಾಜ್ಯ’ ಎಂಬಲ್ಲಿ ‘ಪಂಚಾಯಿತಿ’ ಎಂದೂ ಹಾಕಿ ಓದಿದರೆ ಒಂದಕ್ಷರವೂ ಸುಳ್ಳಾಗುವುದಿಲ್ಲ. ದೆಹಲಿಯ ಮುಂದೆ ನಾವು ಮಂಡಿಸುವ ನ್ಯಾಯದ ಬಲ ಕುಗ್ಗುವುದು ಇಲ್ಲಿಯೇ.

ಪಾಲು ಎಷ್ಟಿರಬೇಕೆಂದು ಹೇಳುವವರು ಇರಲಿಲ್ಲ ಎಂದಲ್ಲ. ಸಂವಿಧಾನದ 243-ಐ ವಿಧಿಯ ಪ್ರಕಾರ ಪ್ರತಿ ಐದು ವರ್ಷಕ್ಕೊಮ್ಮೆ ರಾಜ್ಯ ಹಣಕಾಸು ಆಯೋಗ ರಚನೆಯಾಗಬೇಕು. ಕರ್ನಾಟಕದ ಮೊದಲ ಆಯೋಗ ಅರ್ಥಶಾಸ್ತ್ರಜ್ಞ ಜಿ. ತಿಮ್ಮಯ್ಯ ಅವರ ಅಧ್ಯಕ್ಷತೆಯಲ್ಲಿ 1994ರಲ್ಲಿ ಬಂತು. ರಾಜ್ಯದ ಸಾಲೇತರ ಸ್ವಂತ ರಾಜಸ್ವದಲ್ಲಿ ಶೇ 36ರಷ್ಟು ಸ್ಥಳೀಯ ಸಂಸ್ಥೆಗಳಿಗೆ ಸಲ್ಲಬೇಕೆಂದು ಅದು ಹೇಳಿತು. ಎರಡನೇ ಆಯೋಗ ಶೇ 40 ಎಂದಿತು. ಅಮಾಸೆಬೈಲಿನ ಎ.ಜಿ. ಕೊಡ್ಗಿ ಅವರ ಅಧ್ಯಕ್ಷತೆಯ ಮೂರನೇ ಆಯೋಗ ನಿವ್ವಳ ಆದಾಯದ ಲೆಕ್ಕದಲ್ಲಿ ಶೇ 33 ಎಂದು ಶಿಫಾರಸು ಮಾಡಿತು. ನಂತರ ಸಿ.ಜಿ. ಚಿನ್ನಸ್ವಾಮಿ ಆಯೋಗ, 2023ರ ಅಕ್ಟೋಬರ್‌ನಲ್ಲಿ ಸಿ. ನಾರಾಯಣಸ್ವಾಮಿ ಅಧ್ಯಕ್ಷತೆಯ ಐದನೇ ಆಯೋಗ. ಐದು ವರ್ಷಕ್ಕೊಂದು ಎಂಬ ಲೆಕ್ಕ ಹಿಡಿದರೆ ಮೂರು ದಶಕದಲ್ಲಿ ಆರು ಆಯೋಗಗಳು ಆಗಬೇಕಿತ್ತು. ಆಗಿರುವುದು ಐದು. ತಡವಾದ ಆಯೋಗ, ತಡವಾದ ವರದಿ, ತಡವಾದ ಒಪ್ಪಿಗೆ, ಒಪ್ಪಿದ ಮೇಲೂ ಸಂಬಳವನ್ನೆಲ್ಲ ಸೇರಿಸಿ ಶೇಕಡಾವಾರು ತುಂಬಿಸುವ ಪದ್ಧತಿ. ಶಿಫಾರಸುಗಳು ಹೀಗೆ ಕಾಗದದ ಮೇಲೆ ಈಡೇರುತ್ತವೆ.

ಇದನ್ನು ಕೇಳಬೇಕಾದವರು ಜಿಲ್ಲಾ ಪಂಚಾಯಿತಿ ಅಧ್ಯಕ್ಷರು, ತಾಲ್ಲೂಕು ಪಂಚಾಯಿತಿ ಅಧ್ಯಕ್ಷರು. ಅವರೇ ಇಲ್ಲ. ಇವೆರಡು ಹಂತಗಳಿಗೆ ಕೊನೆಯ ಸಾರ್ವತ್ರಿಕ ಚುನಾವಣೆ ನಡೆದದ್ದು 2016ರ ಫೆಬ್ರುವರಿಯಲ್ಲಿ. ಆಯ್ಕೆಯಾದವರ ಅವಧಿ 2021ರ ಏಪ್ರಿಲ್, ಮೇ ಹೊತ್ತಿಗೆ ಮುಗಿಯಿತು. ಸಾವಿರಕ್ಕೂ ಹೆಚ್ಚು ಜಿಲ್ಲಾ ಪಂಚಾಯಿತಿ ಸದಸ್ಯರು, 3,900ರಷ್ಟು ತಾಲ್ಲೂಕು ಪಂಚಾಯಿತಿ ಸದಸ್ಯರು ಮನೆಗೆ ಹೋದರು. ಅವರಲ್ಲಿ ಅರ್ಧದಷ್ಟು ಮಹಿಳೆಯರು. ಅವರ ಕುರ್ಚಿಗಳಲ್ಲಿ ಆಡಳಿತಾಧಿಕಾರಿಗಳು ಕುಳಿತರು.

ಚುನಾವಣೆ ಏಕಿಲ್ಲ ಎಂದು ಕೇಳಿದರೆ ಮೊದಲು ಕೋವಿಡ್ ಎಂದರು. ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ತಂದು, ಕ್ಷೇತ್ರ ಪುನರ್‌ವಿಂಗಡಣೆಯ ಕೆಲಸವನ್ನು ರಾಜ್ಯ ಚುನಾವಣಾ ಆಯೋಗದ ಕೈಯಿಂದ ತೆಗೆದು ಬೇರೆಯೇ ಆಯೋಗಕ್ಕೆ ಒಪ್ಪಿಸಿದರು. ಆಮೇಲೆ ಹಿಂದುಳಿದ ವರ್ಗಗಳ ಮೀಸಲಾತಿಯ ಪ್ರಶ್ನೆ ಬಂತು. ಚುನಾವಣಾ ಆಯೋಗವೇ ಹೈಕೋರ್ಟ್‌ ಮೆಟ್ಟಿಲು ಹತ್ತಬೇಕಾಯಿತು. ಸರ್ಕಾರ ಮತ್ತೆ ಮತ್ತೆ ಸಮಯ ಕೇಳಿತು, ವಿಳಂಬಕ್ಕಾಗಿ ನ್ಯಾಯಾಲಯ ದಂಡ ವಿಧಿಸಿದ್ದೂ ಉಂಟು. 2023ರ ಮೇ ತಿಂಗಳಲ್ಲಿ ಸರ್ಕಾರ ಬದಲಾಯಿತು, ಉತ್ತರ ಬದಲಾಗಲಿಲ್ಲ. ಸಂವಿಧಾನದ 243-ಇ ವಿಧಿಯಲ್ಲಿ ಗೊಂದಲಕ್ಕೆ ಎಡೆಯೇ ಇಲ್ಲ. ಪಂಚಾಯಿತಿಯ ಅವಧಿ ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ. ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಿರಬೇಕು. ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿಯೇ ಇದನ್ನು ಸ್ಪಷ್ಟವಾಗಿ ಹೇಳಿದೆ.

ಇದರ ಬೆಲೆಯನ್ನು ಹಣದ ರೂಪದಲ್ಲಿಯೇ ತೆತ್ತಿದ್ದೇವೆ. ಹದಿನೈದನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ದೇಶದ ಸ್ಥಳೀಯ ಸರ್ಕಾರಗಳಿಗೆ ಒಟ್ಟು 4,36,361 ಕೋಟಿ ರೂಪಾಯಿ ಶಿಫಾರಸು ಮಾಡಿತು. ಅದರಲ್ಲಿ 2,36,805 ಕೋಟಿ ಗ್ರಾಮೀಣ ಸಂಸ್ಥೆಗಳಿಗೆ. ಗ್ರಾಮ, ತಾಲ್ಲೂಕು, ಜಿಲ್ಲೆ ಮೂರೂ ಹಂತಕ್ಕೆ ಪಾಲಿತ್ತು. ಷರತ್ತು ಸರಳ: ಚುನಾಯಿತ ಸಂಸ್ಥೆ ಇರಬೇಕು. ಕರ್ನಾಟಕದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಲ್ಲಿ ಚುನಾಯಿತರಿಲ್ಲದ ಕಾರಣ ಅವುಗಳ ಪಾಲಿಗೆ ತಡೆ ಬಿತ್ತು. ರಾಜ್ಯಕ್ಕೆ ಅನ್ಯಾಯವಾಗಿದೆ ಎಂದು ಜಂತರ್ ಮಂತರ್‌ನಲ್ಲಿ ಕುಳಿತಾಗ ಈ ಬಾಬ್ತಿನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಇದನ್ನು ಕಳೆದುಕೊಂಡದ್ದು ನಮ್ಮದೇ ಕೈಯಾರೆ.

ಇನ್ನೊಂದು ಲೆಕ್ಕವನ್ನು ಯಾವ ಉಪನೋಂದಣಾಧಿಕಾರಿ ಕಚೇರಿಯಲ್ಲಾದರೂ ನೋಡಬಹುದು. ಹಳ್ಳಿಯ ಅಂಚಿನಲ್ಲಿ 20 ಲಕ್ಷ ರೂಪಾಯಿಯ ನಿವೇಶನ ಕೊಂಡವನು ಶೇ 5ರ ದರದಲ್ಲಿ 1 ಲಕ್ಷ ಮುದ್ರಾಂಕ ಶುಲ್ಕ ಕಟ್ಟುತ್ತಾನೆ. ಆ 1 ಲಕ್ಷದ ಮೇಲೆ ಶೇ 10 ಸೆಸ್. ಅದರ ಜತೆಗೆ ಶೇ 3 ಸರ್ಚಾರ್ಜ್, ಅಂದರೆ 3,000 ರೂಪಾಯಿ. ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಈ ಸರ್ಚಾರ್ಜ್ ತಾಲ್ಲೂಕು ಪಂಚಾಯಿತಿಗೆ ಸೇರಬೇಕಾದ ಹಣ. ತಾಲ್ಲೂಕು ಪಂಚಾಯಿತಿಗೆ ಸ್ವಂತದ್ದೆಂದು ಇರುವ ದೊಡ್ಡ ಆದಾಯ ಮೂಲ ಇದೊಂದೇ. ಬೆಂಗಳೂರು ಗ್ರಾಮಾಂತರ, ರಾಮನಗರ, ಕೋಲಾರ, ತುಮಕೂರಿನ ರಸ್ತೆ ಬದಿಗಳಲ್ಲಿ ಬಡಾವಣೆಗಳು ಏಳುತ್ತಿರುವ ವೇಗ ನೋಡಿದರೆ ಈ ಹಣ ಸಣ್ಣದಲ್ಲ. ನಮ್ಮ ತಾಲ್ಲೂಕಿನಲ್ಲಿ ಎಷ್ಟು ಸಂಗ್ರಹವಾಯಿತು, ಎಷ್ಟು ಬಂತು, ಬಂದದ್ದು ಎಲ್ಲಿ ಖರ್ಚಾಯಿತು? ಸಾಮಾನ್ಯ ಸಭೆಯಲ್ಲಿ ಎದ್ದು ನಿಂತು ಕೇಳುವ ಸದಸ್ಯ 2021ರ ನಂತರ ಇಲ್ಲ. ಆಡಳಿತಾಧಿಕಾರಿಗೆ ತನ್ನ ಮೇಲಧಿಕಾರಿಯನ್ನು ಹೀಗೆ ಪ್ರಶ್ನಿಸುವ ಗರಜೂ ಇಲ್ಲ, ಧೈರ್ಯವೂ ಇರುವುದಿಲ್ಲ.

ಉಳಿದಿರುವುದು ಗ್ರಾಮ ಪಂಚಾಯಿತಿ. ರಾಜ್ಯದಲ್ಲಿ ಸುಮಾರು ಆರು ಸಾವಿರ ಗ್ರಾಮ ಪಂಚಾಯಿತಿಗಳಿವೆ. ಊರಿನವರಿಗೆ ಸರ್ಕಾರವೆಂದರೆ ಮೊದಲು ಕಾಣುವುದು ಇದೇ. ಬೀದಿದೀಪ ಕೆಟ್ಟರೂ, ಬೋರ್‌ವೆಲ್ ಮೋಟಾರು ಸುಟ್ಟರೂ, ಇ-ಸ್ವತ್ತು ಆಸ್ತಿ ದಾಖಲೆಯಲ್ಲಿ ಹೆಸರು ತಪ್ಪಾಗಿದ್ದರೂ ಬಯ್ಗುಳ ತಿನ್ನುವವರು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಮತ್ತು ಅಧ್ಯಕ್ಷರು. ಅವರ ಕೈಯಲ್ಲಿ ಏನಿದೆ ಎಂದು ನೋಡಿದರೆ ಸಂಕಟವಾಗುತ್ತದೆ.

ಹದಿನೈದನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ಕಟ್ಟಿಹಾಕಲಾಗಿತ್ತು. ಉಳಿದ ಶೇ 40ರಲ್ಲಿಯೂ ಸಂಬಳ ಕೊಡುವಂತಿರಲಿಲ್ಲ. ರಾಜ್ಯ ಕೊಡುವ ಶಾಸನಬದ್ಧ ಅನುದಾನ ಹಲವು ವರ್ಷ ಪಂಚಾಯಿತಿಯೊಂದಕ್ಕೆ 10 ಲಕ್ಷ ರೂಪಾಯಿ ಎಂಬ ಲೆಕ್ಕದಲ್ಲಿ ನಡೆದು ಬಂದಿದೆ. ಅದರ ಬಹುಪಾಲು ವಿದ್ಯುತ್ ಬಿಲ್ಲಿಗೆ ಮತ್ತು ಸಿಬ್ಬಂದಿ ವೇತನಕ್ಕೆ ಹೋಗುತ್ತದೆ. ನೀರೆತ್ತುವ ಪಂಪು, ಬೀದಿದೀಪ ಎರಡರ ಬಿಲ್ಲೂ ಪಂಚಾಯಿತಿಯದು. ವಿದ್ಯುತ್ ಸರಬರಾಜು ಕಂಪನಿಗಳಾದ ಎಸ್ಕಾಂಗಳಿಗೆ ಬಾಕಿ ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ, ಬಡ್ಡಿ ಸೇರುತ್ತದೆ, ಕೊನೆಗೊಂದು ದಿನ ಲೈನ್‌ಮನ್ ಬಂದು ಬೀದಿದೀಪದ ಸಂಪರ್ಕ ಕಿತ್ತುಹಾಕುತ್ತಾನೆ. ಒಂದು ಸರ್ಕಾರಿ ಸಂಸ್ಥೆಯ ಬಾಕಿಯನ್ನು ಇನ್ನೊಂದು ಸರ್ಕಾರಿ ಕಂಪನಿ ವಸೂಲು ಮಾಡುವ ಈ ಜಗಳದಲ್ಲಿ ಕತ್ತಲಲ್ಲಿ ನಡೆಯುವವರು ಊರಿನವರು.

ಈಗ ‘ಮನೆ ಮನೆಗೆ ಗಂಗೆ’ ಹೆಸರಿನಲ್ಲಿ ಜಲ ಜೀವನ್ ಮಿಷನ್‌ನ ನಲ್ಲಿಗಳು ಬಂದಿವೆ. ಒಳ್ಳೆಯದೇ. ಹೆಂಗಸರು ಕೊಡ ಹೊತ್ತು ನಡೆಯುವುದು ತಪ್ಪಿದರೆ ಅದಕ್ಕಿಂತ ದೊಡ್ಡ ಸಾಧನೆ ಬೇರಿಲ್ಲ. ಆದರೆ ಗುತ್ತಿಗೆದಾರ ಪೈಪು ಹೂತು, ಟ್ಯಾಂಕು ಕಟ್ಟಿ ಹೋದ ಮೇಲೆ ಅದನ್ನು ನಡೆಸುವ ಹೊಣೆ ಪಂಚಾಯಿತಿಗೆ ಬರುತ್ತದೆ. ಹೆಚ್ಚಿನ ಪಂಪು, ಹೆಚ್ಚಿನ ಕರೆಂಟು, ಹೆಚ್ಚಿನ ವಾಲ್ವ್, ಅದನ್ನು ತಿರುಗಿಸುವ ಮನುಷ್ಯ. ಬಂಡವಾಳಕ್ಕೆ ಕೇಂದ್ರ, ರಾಜ್ಯ ಎರಡೂ ಹಣ ಹಾಕಿದವು. ನಿರ್ವಹಣೆಗೆ ಯಾರ ಬಜೆಟ್ಟಿನಲ್ಲೂ ತಕ್ಕ ಬಾಬ್ತಿಲ್ಲ.

ಆ ವಾಲ್ವ್ ತಿರುಗಿಸುವ ಮನುಷ್ಯನನ್ನು ಊರವರು ನೀರುಗಂಟಿ ಎನ್ನುತ್ತಾರೆ. ಬೆಳಗಿನ ಜಾವ ಕರೆಂಟು ಬರುವ ಹೊತ್ತಿಗೆ ಎದ್ದು ಪಂಪ್‌ಹೌಸಿಗೆ ಹೋಗುವವನು ಅವನು. ಮೇಲಿನ ಕೇರಿಗೆ ಅರ್ಧ ಗಂಟೆ, ಕೆಳಗಿನ ಕೇರಿಗೆ ಅರ್ಧ ಗಂಟೆ ಎಂದು ನೀರು ಹಂಚಿ, ಕಡಿಮೆ ಬಂತೆಂದು ಎರಡೂ ಕೇರಿಯವರಿಂದ ಬಯ್ಯಿಸಿಕೊಳ್ಳುವವನೂ ಅವನೇ. ಅವನ ವೇತನ ತಿಂಗಳುಗಟ್ಟಲೆ ಬಾಕಿ ಉಳಿಯುವುದು ಕರ್ನಾಟಕದ ಹಳ್ಳಿಗಳಲ್ಲಿ ಈಗ ಯಾರಿಗೂ ಆಶ್ಚರ್ಯ ತರುವುದಿಲ್ಲ. 2025ರಲ್ಲಿ ರಾಜ್ಯದ ದಕ್ಷಿಣ ಭಾಗದ ಜಿಲ್ಲೆಯೊಂದರಲ್ಲಿ, ಎರಡು ವರ್ಷಕ್ಕೂ ಮೀರಿ ವೇತನ ಬಂದಿಲ್ಲವೆಂದು ಬರೆದಿಟ್ಟು ನೀರುಗಂಟಿಯೊಬ್ಬರು ಜೀವ ಕಳೆದುಕೊಂಡರು. ಕೆಲವು ಅಧಿಕಾರಿಗಳ ಅಮಾನತಾಯಿತು, ಮಂತ್ರಿಗಳ ಹೇಳಿಕೆ ಬಂತು, ಬಾಕಿ ವೇತನ ಪಾವತಿಗೆ ಸುತ್ತೋಲೆ ಹೊರಟಿತು. ಸುತ್ತೋಲೆಯ ಜತೆ ಹಣ ಹೋಗದಿದ್ದರೆ ಪಿಡಿಒ ಅದನ್ನು ಕಡತಕ್ಕೆ ಸೇರಿಸುವುದಲ್ಲದೆ ಬೇರೇನು ಮಾಡಬಲ್ಲ?

ಪಂಚಾಯಿತಿಗಳು ತಮ್ಮ ತೆರಿಗೆಯನ್ನು ತಾವೇ ವಸೂಲು ಮಾಡಿಕೊಳ್ಳಲಿ ಎನ್ನುವವರಿದ್ದಾರೆ. ಮಾಡಬೇಕು ನಿಜ. ದೇಶದ ಪಂಚಾಯಿತಿಗಳ ಒಟ್ಟು ಆದಾಯದಲ್ಲಿ ಸ್ವಂತ ತೆರಿಗೆಯ ಪಾಲು ಶೇ 1.1 ಮಾತ್ರ ಎಂದು ರಿಸರ್ವ್ ಬ್ಯಾಂಕ್ 2024ರ ಜನವರಿಯಲ್ಲಿ ಪ್ರಕಟಿಸಿದ ವರದಿ ಹೇಳಿತು. ಕರ್ನಾಟಕದ ಸ್ಥಿತಿ ಅದಕ್ಕಿಂತ ಉತ್ತಮ. ಇಲ್ಲಿ ಬಿಲ್ ಕಲೆಕ್ಟರ್‌ಗಳು ಮನೆ ಮನೆ ತಿರುಗಿ ಕಂದಾಯ ಎತ್ತುತ್ತಾರೆ. ಎತ್ತಿದ ರಸೀದಿಯಲ್ಲಿ ಶೇ 6 ಗ್ರಂಥಾಲಯ ಕರ, ಶೇ 3 ಭಿಕ್ಷುಕರ ಕರ, ಆರೋಗ್ಯ ಮತ್ತು ಶಿಕ್ಷಣದ ಕರಗಳೂ ಇರುತ್ತವೆ. ಇವು ಪಂಚಾಯಿತಿ ತನ್ನ ಇಷ್ಟದಂತೆ ಖರ್ಚು ಮಾಡುವ ಹಣವಲ್ಲ. ವಸೂಲಿಯ ಶ್ರಮ ಊರಿನದು, ಹಣ ಬೇರೆಯವರ ಲೆಕ್ಕಕ್ಕೆ. ಕಟ್ಟಿದ ತೆರಿಗೆಗೆ ತಕ್ಕ ಸೇವೆ ಕಾಣದಿದ್ದಾಗ ಜನ ಮುಂದಿನ ವರ್ಷ ಬಿಲ್ ಕಲೆಕ್ಟರನ್ನು ಕಂಡ ಕೂಡಲೇ ಬಾಗಿಲು ಮುಂದೆ ಮಾಡುತ್ತಾರೆ.

ಹಣವೇ ಇಲ್ಲ ಎಂಬ ಉತ್ತರ ವಿಧಾನಸೌಧದಿಂದ ಬರುತ್ತದೆ. 2025-26ರ ಬಜೆಟ್ ಗಾತ್ರ 4,09,549 ಕೋಟಿ ರೂಪಾಯಿ. ಅದರಲ್ಲಿ 1,16,000 ಕೋಟಿ ಸಾಲ. ರಾಜಸ್ವ ಕೊರತೆಯೇ 19,262 ಕೋಟಿ. ಐದು ಗ್ಯಾರಂಟಿಗಳಿಗೆ 51,034 ಕೋಟಿ. ಈ ಬಿಗಿತ ಸುಳ್ಳಲ್ಲ. ಗ್ಯಾರಂಟಿಗಳನ್ನು ನಿಲ್ಲಿಸಿ ಎನ್ನುವ ಗುಂಪಿಗೂ ನಾವು ಸೇರಿಲ್ಲ. ತಿಂಗಳಿಗೆ 2,000 ರೂಪಾಯಿ ಕೈಗೆ ಬಂದ ಮನೆಯಲ್ಲಿ ಏನು ಬದಲಾಗಿದೆ ಎಂದು ಹಳ್ಳಿಯ ಕಿರಾಣಿ ಅಂಗಡಿಯವರನ್ನು ಕೇಳಿದರೆ ತಿಳಿಯುತ್ತದೆ. ಆದರೆ ಅದೇ ಬಜೆಟ್ಟಿನಲ್ಲಿ ಮುಖ್ಯಮಂತ್ರಿಗಳ ಮೂಲಸೌಕರ್ಯ ಅಭಿವೃದ್ಧಿ ಕಾರ್ಯಕ್ರಮ ಎಂಬ ಹೆಸರಿನಲ್ಲಿ 8,000 ಕೋಟಿ ರೂಪಾಯಿ ಘೋಷಣೆಯಾಯಿತು. ವಿಧಾನಸಭಾ ಕ್ಷೇತ್ರಗಳಲ್ಲಿ ಸಣ್ಣ ನೀರಾವರಿ, ರಸ್ತೆ, ನಗರ ಪ್ರದೇಶದ ಸೌಲಭ್ಯಗಳ ಕೆಲಸಕ್ಕೆ. 224 ಕ್ಷೇತ್ರಗಳಿಗೆ ಭಾಗಿಸಿದರೆ ಸರಾಸರಿ 35 ಕೋಟಿಗೂ ಹೆಚ್ಚು. ಶಾಸಕರ ಪ್ರದೇಶಾಭಿವೃದ್ಧಿ ನಿಧಿಯ ವಾರ್ಷಿಕ 2 ಕೋಟಿ ಬೇರೆ. ವರ್ಷಕ್ಕೆ 10 ಲಕ್ಷದಂತೆ ಆರು ಸಾವಿರ ಪಂಚಾಯಿತಿಗಳಿಗೆ ಹಂಚಿದರೆ ಆಗುವುದು 600 ಕೋಟಿ. ಈ ಎರಡು ಮೊತ್ತಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಕೊರತೆ ಹಣದ್ದಲ್ಲ ಎಂಬುದು ಗೊತ್ತಾಗುತ್ತದೆ.

ಇಲ್ಲಿಯೇ ಈ ರೋಗದ ಬೇರು ಇರುವುದು. ಹಳ್ಳಿಯ ಒಳರಸ್ತೆ, ಚರಂಡಿ, ಸಮುದಾಯ ಭವನ ಇವೆಲ್ಲ ಸಂವಿಧಾನದ ಹನ್ನೊಂದನೇ ಅನುಸೂಚಿಯ ಪ್ರಕಾರ ಪಂಚಾಯಿತಿಗೆ ಒಪ್ಪಿಸಬೇಕಾದ ಕೆಲಸಗಳು. ಈಗ ಅವಕ್ಕೆ ಶಾಸಕರ ಪತ್ರ ಬೇಕು. ಕಾಮಗಾರಿ ಭೂಸೇನಾ ನಿಗಮಕ್ಕೋ ನಿರ್ಮಿತಿ ಕೇಂದ್ರಕ್ಕೋ ಹೋಗುತ್ತದೆ. ಗುದ್ದಲಿ ಪೂಜೆಗೆ ಶಾಸಕರು, ಫ್ಲೆಕ್ಸಿನಲ್ಲಿ ಶಾಸಕರು, ಮೂಲೆಯಲ್ಲಿ ಪಂಚಾಯಿತಿ ಅಧ್ಯಕ್ಷೆಯ ಸಣ್ಣ ಚಿತ್ರ. ಆ ರಸ್ತೆ ಮಳೆಗೆ ಕಿತ್ತುಹೋದರೆ ದುರಸ್ತಿಯ ಹೊಣೆ ಮಾತ್ರ ಪಂಚಾಯಿತಿಯದು. ಜಿಲ್ಲಾ ಪಂಚಾಯಿತಿ ಸದಸ್ಯ ಎಂಬ ಇನ್ನೊಬ್ಬ ಜನಪ್ರತಿನಿಧಿ ಕ್ಷೇತ್ರದಲ್ಲಿ ಇಲ್ಲದಿರುವುದು ಯಾವ ಪಕ್ಷದ ಶಾಸಕನಿಗೂ ನಷ್ಟವಲ್ಲ. ಮುಂದಿನ ಚುನಾವಣೆಯಲ್ಲಿ ಟಿಕೆಟ್ ಕೇಳುವ ಪ್ರತಿಸ್ಪರ್ಧಿ ಬೆಳೆಯುವುದಿಲ್ಲ, ಇಲಾಖೆಗಳ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆಯಲ್ಲಿ ಎದುರು ಮಾತಾಡುವವರಿಲ್ಲ. ಸರ್ಕಾರ ಬದಲಾದರೂ ಚುನಾವಣೆಯ ವಿಷಯದಲ್ಲಿ ಉತ್ತರ ಬದಲಾಗದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಕೇಂದ್ರ ಪಂಚಾಯತ್ ರಾಜ್ ಸಚಿವಾಲಯ 2025ರ ಫೆಬ್ರುವರಿಯಲ್ಲಿ ಪ್ರಕಟಿಸಿದ ಅಧಿಕಾರ ವಿಕೇಂದ್ರೀಕರಣ ಸೂಚ್ಯಂಕದಲ್ಲಿ ಕರ್ನಾಟಕವೇ ದೇಶಕ್ಕೆ ಮೊದಲು. 100ಕ್ಕೆ 72.23 ಅಂಕ. ಕೇರಳ ಎರಡನೆಯದು, ತಮಿಳುನಾಡು ಮೂರನೆಯದು, ರಾಷ್ಟ್ರೀಯ ಸರಾಸರಿ 43.89. ಹಣಕಾಸಿನ ವಿಭಾಗದಲ್ಲೂ ನಮಗೇ ಮೊದಲ ಸ್ಥಾನ. ಸಚಿವರು ಈ ಪ್ರಮಾಣಪತ್ರ ತೋರಿಸುತ್ತಾರೆ. ಅದನ್ನು ತಳ್ಳಿಹಾಕಬೇಕಿಲ್ಲ. ನಮ್ಮ ಕಾಯ್ದೆ ಚೆನ್ನಾಗಿದೆ, ಪಂಚತಂತ್ರ ತಂತ್ರಾಂಶದಲ್ಲಿ ಲೆಕ್ಕ ಸಿಗುತ್ತದೆ, ಪಿಡಿಒ ಎಂಬ ಪೂರ್ಣಾವಧಿ ಅಧಿಕಾರಿ ಇದ್ದಾರೆ. ಮೂರು ಹಂತಗಳಲ್ಲಿ ಎರಡು ಹಂತ ಚುನಾಯಿತರಿಲ್ಲದೆ ಖಾಲಿ ಬಿದ್ದಿರುವ ರಾಜ್ಯವೇ ಮೊದಲ ಸ್ಥಾನ ಪಡೆಯಿತೆಂದರೆ ಉಳಿದ ರಾಜ್ಯಗಳ ಹಳ್ಳಿಗಳ ಗತಿ ನೆನೆದು ಗಾಬರಿಯಾಗುತ್ತದೆ. ಸಮಾಧಾನ ಪಡುವಂಥದ್ದು ಅದರಲ್ಲಿ ಏನೂ ಇಲ್ಲ.

ನಮ್ಮ ಅಳತೆಗೋಲು ಬೇರೆಯವರದಾಗಬೇಕಿಲ್ಲ. ನಮ್ಮದೇ ಇತಿಹಾಸವಿದೆ. ಸಂವಿಧಾನಕ್ಕೆ 73ನೇ ತಿದ್ದುಪಡಿ ಬರುವುದಕ್ಕೆ ಹತ್ತು ವರ್ಷ ಮೊದಲೇ, 1983ರಲ್ಲಿ, ರಾಮಕೃಷ್ಣ ಹೆಗಡೆ ಸರ್ಕಾರ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳ ಕಾನೂನು ಮಾಡಿತು. ಅದರ ಹಿಂದೆ ನಿಂತವರು ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್. ಬರಗಾಲದಲ್ಲಿ ಊರೂರಿಗೆ ಬೋರ್‌ವೆಲ್ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡ ಮಂತ್ರಿ. 1987ರ ಚುನಾವಣೆಯ ನಂತರ ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ಸಿಕ್ಕಿತು. ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾಗಿ ಬಂದ ಐಎಎಸ್ ಅಧಿಕಾರಿ ಜಿಲ್ಲಾಧಿಕಾರಿಗಿಂತ ಹಿರಿಯರಾಗಿರುತ್ತಿದ್ದರು. ಜಿಲ್ಲೆಯಲ್ಲಿ ಅಧಿಕಾರದ ಕೇಂದ್ರ ಯಾವುದೆಂದು ಯಾರೂ ಕೇಳಬೇಕಿರಲಿಲ್ಲ. 1992ರಲ್ಲಿ ಅವುಗಳ ಅವಧಿ ಮುಗಿದಾಗ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ತಂದರು. ಜಿಲ್ಲೆ, ತಾಲ್ಲೂಕು ಮಟ್ಟದಲ್ಲಿ ಮತ್ತೆ ಮತದಾನವಾದದ್ದು 1995ರಲ್ಲಿ. ಆ ಮೂರು ವರ್ಷವನ್ನು ಕರ್ನಾಟಕದ ಪಂಚಾಯತ್ ರಾಜ್‌ನ ಕರಾಳ ಕಾಲವೆಂದು ಕರೆದ ಹಿರಿಯರಿದ್ದರು. 1992ರಲ್ಲಿ ಅವಧಿ ಮುಗಿದಾಗ ಸಂವಿಧಾನದ ರಕ್ಷಣೆ ಇನ್ನೂ ಇರಲಿಲ್ಲ. ಈಗ ಆ ರಕ್ಷಣೆ ಇದ್ದೂ 2021ರಿಂದೀಚೆಗಿನ ಖಾಲಿತನ ಆ ಮೂರು ವರ್ಷವನ್ನು ಮೀರಿಸಿದೆ. ನಜೀರ್ ಸಾಬ್ ಹೆಸರಿನ ತರಬೇತಿ ಸಂಸ್ಥೆ ಮೈಸೂರಿನಲ್ಲಿದೆ. ಅಲ್ಲಿ ತರಬೇತಿ ಪಡೆಯಬೇಕಾದ ಜಿಲ್ಲಾ ಪಂಚಾಯಿತಿ ಸದಸ್ಯರು ಮಾತ್ರ ಎಲ್ಲೂ ಇಲ್ಲ.

ನಗರಗಳ ಕತೆಯೂ ಇದೇ. ಬೆಂಗಳೂರಿನ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಐದು ವರ್ಷದ ನಂತರ, 2025ರ ಸೆಪ್ಟೆಂಬರ್‌ನಲ್ಲಿ, ನಗರವನ್ನು ಐದು ಪಾಲಿಕೆಗಳಾಗಿ ಒಡೆದರು. ಮೇಲೆ ಕೂರಿಸಿದ ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೆ ಮುಖ್ಯಮಂತ್ರಿಯೇ ಅಧ್ಯಕ್ಷರು. ಒಂದು ಇಡೀ ಅವಧಿ ದೇಶದ ತಂತ್ರಜ್ಞಾನ ರಾಜಧಾನಿಯ ಕಸ, ಗುಂಡಿ, ರಾಜಕಾಲುವೆಗಳ ಬಜೆಟ್ಟನ್ನು ಒಬ್ಬ ಕಾರ್ಪೊರೇಟರ್ ಕೂಡ ಚರ್ಚಿಸಲಿಲ್ಲ.

ಇದರ ನಡುವೆ ದೆಹಲಿಯಿಂದ ಇನ್ನೊಂದು ಹೊಡೆತ ಬಂದಿದೆ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಉದ್ಯೋಗ ಖಾತರಿ (ನರೇಗಾ) ಕಾಯ್ದೆಯ ಜಾಗದಲ್ಲಿ ಹೊಸ ಕಾನೂನು ತಂದಿತು. ದಿನಗಳು ನೂರರಿಂದ 125ಕ್ಕೆ ಏರಿದವು. ಆದರೆ ಕೂಲಿಯ ಪೂರ್ಣ ಹೊಣೆ ಹೊರುತ್ತಿದ್ದ ಕೇಂದ್ರ ಈಗ ಒಟ್ಟು ವೆಚ್ಚದ ಶೇ 60 ಮಾತ್ರ ಕೊಡುತ್ತದೆ, ಶೇ 40 ರಾಜ್ಯದ್ದು. ರಾಜ್ಯ ಸರ್ಕಾರ ಇದನ್ನು ವಿರೋಧಿಸಿದ್ದು ಸರಿ. ನರೇಗಾ ಗ್ರಾಮಸಭೆಯ ಕೈಯಲ್ಲಿದ್ದ ಅತಿ ದೊಡ್ಡ ಹಣ. ಕೆರೆ ಹೂಳು, ಕೃಷಿ ಹೊಂಡ, ಶಾಲಾ ಕಾಂಪೌಂಡು ಯಾವುದು ಮೊದಲು ಎಂದು ಊರು ನಿರ್ಧರಿಸಬಹುದಾಗಿದ್ದ ಬಾಬ್ತು ಅದು. ಆ ಶೇ 40 ಹೊಂದಿಸಲು ರಾಜ್ಯ ಎಲ್ಲಿ ಕತ್ತರಿ ಹಾಕುತ್ತದೆ ಎಂಬುದೇ ಈಗಿನ ಆತಂಕ. ಕೇಳುವವರಿಲ್ಲದ ಜಿಲ್ಲಾ ವಲಯದ ಬಾಬ್ತುಗಳೇ ಮೊದಲು ಸವರಿಹೋಗುವ ಭಯ ನಮಗಿದೆ.

ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಜಮಾಬಂದಿ ನಡೆಸುತ್ತವೆ. ಪಿಡಿಒ ಎಲ್ಲರೆದುರು ಜಮಾ-ಖರ್ಚು ಓದಬೇಕು, ಕಡತಗಳನ್ನು ಮೇಜಿನ ಮೇಲಿಡಬೇಕು, ಕಾಮಗಾರಿ ಎಲ್ಲಿದೆ ಎಂದು ಜನ ಕೇಳಿದರೆ ಹೋಗಿ ತೋರಿಸಬೇಕು. ಬಡ ಪಂಚಾಯಿತಿಗೆ ಈ ಶಿಸ್ತು ಹೇರಿದ ರಾಜ್ಯ ತನ್ನ ಕೈಯಿಂದ ಯಾವ ಪಂಚಾಯಿತಿಗೆ ಎಷ್ಟು ಕೊಟ್ಟೆ ಎಂದು ಜನಕ್ಕೆ ತಿಳಿಯುವಂತೆ ಹೇಳುವುದಿಲ್ಲ. ಪಕ್ಕದ ಕೇರಳದ ಬಜೆಟ್ ಜತೆಗೆ ನಾಲ್ಕನೇ ಅನುಬಂಧವೆಂದು ಒಂದು ಪುಸ್ತಕ ಬರುತ್ತದೆ. ಪ್ರತಿ ಗ್ರಾಮ ಪಂಚಾಯಿತಿ, ಪ್ರತಿ ಪುರಸಭೆಯ ಹೆಸರೂ, ಅದರ ಮುಂದೆ ಆ ವರ್ಷದ ಮೊತ್ತವೂ ಅದರಲ್ಲಿರುತ್ತದೆ. 1996ರ ಜನತಾ ಯೋಜನೆಯ ಕಾಲದಲ್ಲಿ ಯೋಜನಾ ಹಣದ ಮೂರನೇ ಒಂದಕ್ಕೂ ಹೆಚ್ಚು ಭಾಗವನ್ನು ಕೆಳಗೆ ಕಳಿಸಲು ಅಲ್ಲಿ ನಿರ್ಧರಿಸಿದರು. ಎಡ, ಬಲ ಎರಡೂ ಸರ್ಕಾರಗಳು ಆ ಪದ್ಧತಿಯನ್ನು ಉಳಿಸಿಕೊಂಡು ಬಂದಿವೆ. 2025ರ ಡಿಸೆಂಬರ್‌ನಲ್ಲಿ ಅಲ್ಲಿ ಮೂರೂ ಹಂತಗಳಿಗೆ ಚುನಾವಣೆಯೂ ಮುಗಿಯಿತು. ಕಾಸರಗೋಡಿನ ಕನ್ನಡಿಗನಿಗೆ ತನ್ನ ಪಂಚಾಯಿತಿಗೆ ಬಜೆಟ್ಟಿನಲ್ಲಿ ಬಂದದ್ದೆಷ್ಟು ಎಂದು ಹೆಸರು ಹುಡುಕಿ ತಿಳಿಯಬಹುದು. ಗಡಿ ದಾಟಿ ಈಚೆಗಿರುವ ಬಂಟ್ವಾಳ, ಸುಳ್ಯದವನಿಗೆ ಆ ಪುಸ್ತಕವಿಲ್ಲ.

ಕರ್ನಾಟಕಕ್ಕೆ ಅಂಥ ಪುಸ್ತಕ ಮುದ್ರಿಸಲು ಹೊಸ ಕಾನೂನು ಬೇಕಿಲ್ಲ. ಲಿಂಕ್ ದಾಖಲೆಯಲ್ಲಿ ಸಂಬಳದ ಬಾಬ್ತನ್ನು ಬೇರೆ ಮಾಡಿ, ಸ್ಥಳೀಯ ಸರ್ಕಾರ ತಾನೇ ನಿರ್ಧರಿಸಬಹುದಾದ ಮೊತ್ತವನ್ನು ಪ್ರತ್ಯೇಕವಾಗಿ ತೋರಿಸಲು ಹಣಕಾಸು ಇಲಾಖೆಯ ಒಂದು ಆದೇಶ ಸಾಕು. ಮುದ್ರಾಂಕ ಸರ್ಚಾರ್ಜ್‌ನ ತಾಲ್ಲೂಕುವಾರು ಸಂಗ್ರಹ ಮತ್ತು ಬಿಡುಗಡೆಯ ಪಟ್ಟಿ ನೋಂದಣಿ ಇಲಾಖೆಯ ಗಣಕದಲ್ಲಿಯೇ ಇದೆ, ಪ್ರಕಟಿಸಿದರಾಯಿತು. ನೀರುಗಂಟಿ, ಸ್ವಚ್ಛತಾಗಾರರ ವೇತನವನ್ನು ಪಂಚಾಯಿತಿಯ ಹರುಕು ಚೀಲದಿಂದ ಹೊರತಂದು, ತಿಂಗಳು ತಿಂಗಳು ಖಜಾನೆಯಿಂದಲೇ ಅವರ ಖಾತೆಗೆ ಹೋಗುವಂತೆ ಮಾಡುವುದು ಎಲ್ಲಕ್ಕಿಂತ ಮೊದಲ ಕೆಲಸ. ಅದಕ್ಕೆ ಮುಂದಿನ ಬಜೆಟ್‌ವರೆಗೆ ಕಾಯುವುದೂ ಅಮಾನವೀಯ.

ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿ ಚುನಾವಣೆಯ ವಿಷಯದಲ್ಲಿ ನ್ಯಾಯಾಲಯದ ಮುಂದೆ ಇನ್ನೊಮ್ಮೆ ಸಮಯ ಕೇಳುವ ಹಕ್ಕು ಸರ್ಕಾರಕ್ಕೆ ಉಳಿದಿಲ್ಲ. 2020ರ ಡಿಸೆಂಬರ್‌ನಲ್ಲಿ ಆಯ್ಕೆಯಾದ ಗ್ರಾಮ ಪಂಚಾಯಿತಿಗಳಿಗೂ ಸಂವಿಧಾನ ಕೊಟ್ಟ ಆಯಸ್ಸು ಐದೇ ವರ್ಷ. ಆ ಹಂತದಲ್ಲೂ ಆಡಳಿತಾಧಿಕಾರಿಗಳ ರಾಜ್ಯ ಬೇರೂರಿದರೆ ಕೇಂದ್ರದ ಅನುದಾನದ ಉಳಿದ ಪಾಲಿಗೂ ಕುತ್ತು. ಸಂವಿಧಾನದ 243-ಐ ವಿಧಿಯ ನಾಲ್ಕನೇ ಉಪವಿಧಿ ರಾಜ್ಯ ಹಣಕಾಸು ಆಯೋಗದ ಪ್ರತಿ ಶಿಫಾರಸನ್ನೂ, ಅದರ ಮೇಲೆ ಕೈಗೊಂಡ ಕ್ರಮದ ವಿವರಣೆಯನ್ನೂ ಶಾಸಕಾಂಗದ ಮುಂದಿಡಬೇಕೆನ್ನುತ್ತದೆ. ನಾರಾಯಣಸ್ವಾಮಿ ಆಯೋಗದ ಒಂದೊಂದು ಶಿಫಾರಸಿನ ಎದುರೂ ಒಪ್ಪಿದ್ದೆಷ್ಟು, ಬಿಡುಗಡೆಯಾದದ್ದೆಷ್ಟು, ಅದರಲ್ಲಿ ಸಂಬಳವೆಷ್ಟು ಎಂಬ ಮೂರು ಅಂಕಣಗಳ ಪಟ್ಟಿಯನ್ನು ಮುಖ್ಯಮಂತ್ರಿ ಸದನದಲ್ಲಿ ಮಂಡಿಸಲಿ. ಚರ್ಚೆಗೆ ಒಂದು ಪೂರ್ಣ ದಿನ ಮೀಸಲಿಡಲಿ. ವಿರೋಧ ಪಕ್ಷ ಅಂದು ಸಭಾತ್ಯಾಗ ಮಾಡದೆ ಕುಳಿತು, 2021ರಿಂದ 2023ರವರೆಗೆ ತಾನೇ ಅಧಿಕಾರದಲ್ಲಿದ್ದಾಗ ಚುನಾವಣೆಯನ್ನು ಏಕೆ ನಡೆಸಲಿಲ್ಲ ಎಂಬುದಕ್ಕೂ ಉತ್ತರ ಕೊಡಲಿ.